ಹಲ್ಲು ಕೀಳಿಸುವ ಮೊದಲು: ಮಗಳಿಗೊಂದು ಪತ್ರ

ಪುಟ್ಟೀ,

ಹಲ್ಲಿನ ಡಾಕ್ಟರು ಕೊಟ್ಟ ಫಾರಂನಲ್ಲಿ ‘ರಕ್ತಸ್ರಾವದ ತೊಂದರೆ ಇತ್ತೇ?’ ಅಂತ ಇದೆ, ಏನು ಬರೆಯಲಿ ಎಂದು ಕೇಳಿದ್ದೀಯಲ್ಲ. ‘ಇವಳ ರಕ್ತ ಹೆಪ್ಪುಗಟ್ಟುವುದಿಲ್ಲ’ ಎಂದು ಅಜ್ಜಿ ಅರ್ಧ ಉಡುಪಿಗೆ ಹೇಳಿ ಆಗಿದೆ. ಅದು ಪೂರ್ತಿ ನಿಜವಲ್ಲ. ಫೋನಿನಲ್ಲಿ ಹೇಳಹೊರಟರೆ ಅಮ್ಮ ನಡುವೆ ಕಿತ್ತುಕೊಳ್ಳುತ್ತಾಳೆ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಹುಟ್ಟಿದ್ದು ಮಂಗಳೂರಿನಲ್ಲಿ, ಆಟಿಯ ಮಳೆಯಲ್ಲಿ, 29 ವಾರಕ್ಕೇ. ತೂಕ 1.1 ಕೆಜಿ. ಶ್ವಾಸಕೋಶದ ಪುಟ್ಟ ಗಾಳಿಚೀಲಗಳು ಉಸಿರು ಬಿಟ್ಟಾಗ ಮುಚ್ಚಿಕೊಳ್ಳದಂತೆ ತಡೆಯುವುದು ಸರ್ಫ್ಯಾಕ್ಟಂಟ್. ಅದು ಸಾಕಷ್ಟು ತಯಾರಾಗುವುದು ಸುಮಾರು 34, 35 ವಾರಕ್ಕೆ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯ ಮಗು ಐದೂವರೆ ವಾರ ಬೇಗ ಹುಟ್ಟಿ, ಇದೇ ಉಸಿರಿನ ತೊಂದರೆಯಿಂದ ಎರಡು ದಿನದೊಳಗೆ ಹೋಯಿತು. ಆಗ ಇದಕ್ಕೆ ಮದ್ದೇ ಇರಲಿಲ್ಲ. ನಿನಗೆ ಟ್ಯೂಬಿನಲ್ಲಿ ಸರ್ಫ್ಯಾಕ್ಟಂಟ್ ಹಾಕಿದರು. ಅದನ್ನು ದನ ಇಲ್ಲವೇ ಹಂದಿಯ ಶ್ವಾಸಕೋಶದಿಂದ ತೆಗೆಯುತ್ತಾರೆ. ಯಾವುದೆಂದು ನಾನು ಕೇಳಲಿಲ್ಲ. ಅಜ್ಜಿಗಂತೂ ಹೇಳಲೇ ಇಲ್ಲ, ನೀನೂ ಹೇಳಬೇಡ.

ಈಗ ರಕ್ತದ ವಿಷಯ. ತಾಯಿಯಿಂದ ಮಗುವಿಗೆ ವಿಟಮಿನ್ ಕೆ ಹೆಚ್ಚು ದಾಟುವುದಿಲ್ಲ. ರಕ್ತ ಹೆಪ್ಪುಗಟ್ಟಿಸುವ ಕೆಲವು ಪ್ರೋಟೀನುಗಳನ್ನು ಲಿವರ್ ಮಾಡಬೇಕಾದರೆ ಅದು ಬೇಕೇ ಬೇಕು. ನಿನ್ನ ಲಿವರೂ ಇನ್ನೂ ಎಳೆಯದು. ಹುಟ್ಟಿದ ಕೂಡಲೇ ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟಿದ್ದರು. ಆದರೆ ಆಮ್ಲಜನಕ ಸಾಲದೆ ಹೋದಾಗ ಸಣ್ಣ ರಕ್ತನಾಳಗಳ ಒಳಗೋಡೆಗೆ ಪೆಟ್ಟಾಗುತ್ತದೆ. ಬೇಡದ ಕಡೆಯೆಲ್ಲ ರಕ್ತ ಹೆಪ್ಪುಗಟ್ಟತೊಡಗುತ್ತದೆ. ಪ್ಲೇಟ್‌ಲೆಟ್ (ರಕ್ತ ನಿಲ್ಲಿಸುವ ಪುಟ್ಟ ಕಣಗಳು), ಪ್ರೋಟೀನು ಎಲ್ಲ ಅಲ್ಲೇ ಖರ್ಚು. ಬೇಕಾದ ಕಡೆಗೆ ಏನೂ ಉಳಿಯುವುದಿಲ್ಲ. ಒಂದು ಕಡೆ ಹೆಪ್ಪು, ಇನ್ನೊಂದು ಕಡೆ ಸೋರಿಕೆ! ನಿನ್ನ ಹಿಮ್ಮಡಿಗೆ ಸೂಜಿ ಚುಚ್ಚಿದರೆ ಆ ಜಾಗ ಜಿನುಗುತ್ತಲೇ ಇರುತ್ತಿತ್ತು. ಮೈಯಲ್ಲಿದ್ದ ರಕ್ತವೇ 100 ಎಂಎಲ್, ಒಂದು ಸಣ್ಣ ಕಾಫಿ ಲೋಟದಷ್ಟು. ಟೆಸ್ಟಿಗೆಂದು ಅದರಲ್ಲೂ ತೆಗೆಯುವಾಗ ನನಗೆ ಆ ನರ್ಸಮ್ಮನ ಮೇಲೆ ಸುಮ್ನೆ ಸಿಟ್ಟು ಬರುತ್ತಿತ್ತು.

ಜಾಸ್ತಿ ಹೆದರಿಕೆ ಇದ್ದದ್ದು ಮೆದುಳಿನದು. ಇಂಥ ಮಕ್ಕಳಿಗೆ ಅಲ್ಲಿ ರಕ್ತಸ್ರಾವ ಆಗುವುದಿದ್ದರೆ ಹೆಚ್ಚಾಗಿ ಮೊದಲ ಮೂರು ದಿನದಲ್ಲೇ. ನೆತ್ತಿಯ ಮೆತ್ತಗಿನ ಜಾಗದಿಂದ ಸ್ಕ್ಯಾನ್ ಮಾಡಿದರು. ಏನೂ ಇರಲಿಲ್ಲ. ಯಾರೋ ದಾನ ಕೊಟ್ಟ ರಕ್ತದ ಪ್ಲಾಸ್ಮಾ, ಅಂದರೆ ಹೆಪ್ಪುಗಟ್ಟಿಸುವ ಪ್ರೋಟೀನುಗಳಿರುವ ದ್ರವಭಾಗ, ನಿನಗೆ ಹಾಕಿದರು. ಅಮ್ಮ ಇವತ್ತಿಗೂ ರಕ್ತದಾನ ಶಿಬಿರ ತಪ್ಪಿಸದಿರುವುದು ಅದಕ್ಕೇ. ಉಸಿರಾಟ ಸರಿಯಾದ ಹಾಗೆ ರಕ್ತವೂ ಸರಿಯಾಯಿತು.

ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಥರದ ಕಾಯಿಲೆ ಹುಟ್ಟಿನಿಂದ ಬಂದು ಜೀವನಪೂರ್ತಿ ಇರುತ್ತದೆ. ನಿನ್ನದು ಅದಲ್ಲ. ನೀನು ಬೇಗ ಹುಟ್ಟಿದೆ, ಉಸಿರಿಗೆ ಕಷ್ಟಪಟ್ಟೆ, ಅದರಿಂದ ಆದದ್ದು. ಮಗುವಿಗೆ ಆರು ತಿಂಗಳಾಗುವಷ್ಟರಲ್ಲಿ ಈ ಪ್ರೋಟೀನುಗಳಲ್ಲಿ ಹೆಚ್ಚಿನವು ದೊಡ್ಡವರ ಮಟ್ಟಕ್ಕೆ ಬರುತ್ತವೆ. ಆಮೇಲೆ ಕಿವಿ ಚುಚ್ಚಿಸಿದೆವು, ಮಲ್ಪೆಯಲ್ಲಿ ಬಿದ್ದು ಮಂಡಿ ಕೆತ್ತಿಸಿಕೊಂಡೆ, ರಕ್ತ ಎಲ್ಲರದ್ದರ ಹಾಗೇ ನಿಂತಿತು, ಅಲ್ವಾ?

ಫಾರಂನಲ್ಲಿ ‘ಅವಧಿಗೆ ಮುಂಚೆ ಹುಟ್ಟಿದಾಗ ಇತ್ತು, ಆಮೇಲೆ ಇಲ್ಲ’ ಎಂದು ಬರೆ. ಡಿಸ್ಚಾರ್ಜ್ ಚೀಟಿಯ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿದ್ದೇನೆ, ತೋರಿಸು. ರಕ್ತ ಪರೀಕ್ಷೆ ಮಾಡಿಸಿ ಅಂದರೆ ಮಾಡಿಸು, ದುಡ್ಡು ಹಾಕುತ್ತೇನೆ. ಅಲ್ಲಿಯವರೆಗೆ ನೋವೆಂದು ನೀನೇ ಆಸ್ಪಿರಿನ್ ನುಂಗಬೇಡ. ಅದು ಪ್ಲೇಟ್‌ಲೆಟ್ ಕೆಲಸ ಕೆಡಿಸುತ್ತದೆ.

ನಿನ್ನ ಅಪ್ಪ