ಅಮೆರಿಕದ ಹಳೆಯ ಬೇಸ್‌ಬಾಲ್ ಆಟಗಾರ ಕ್ಯಾಪ್ ಆನ್ಸನ್ ಬಗ್ಗೆ ಪ್ರಶ್ನೆ ಕಳಿಸುವವರ ಗಮನಕ್ಕೆ

ಕ್ವಿಜ್ ತಯಾರಿಸುತ್ತಿರುವವರೇ, ಆನ್ಸನ್ ಹೊಡೆದ ಹಿಟ್ (ಚೆಂಡು ಹೊಡೆದು ಬೇಸ್ ತಲುಪುವುದು) ಎಷ್ಟು ಅಂತ ಬರೀ ಅಷ್ಟೇ ಕೇಳಬೇಡಿ. 1871–75ರ ನ್ಯಾಷನಲ್ ಅಸೋಸಿಯೇಷನ್ ಎಂಬ ಹಳೆಯ ವೃತ್ತಿಪರ ಲೀಗಿನ ಪಂದ್ಯಗಳನ್ನು (ರಾಕ್‌ಫರ್ಡ್, ಫಿಲಡೆಲ್ಫಿಯಾ ತಂಡಗಳಲ್ಲಿ ಆಡಿದ್ದು) ಸೇರಿಸಿದರೆ 3400 ದಾಟುತ್ತದೆ, ಬಿಟ್ಟರೆ 3000 ಚಿಲ್ಲರೆ.

ಹೆಚ್ಚು ಜನ ಎಡವುವುದು 1887ರಲ್ಲಿ. ಆ ಒಂದೇ ವರ್ಷ ವಾಕ್ (ಎಸೆತ ಸರಿ ಇಲ್ಲದ್ದರಿಂದ ಹೊಡೆಯದೆಯೇ ಬೇಸ್‌ಗೆ ಹೋಗುವ ಅವಕಾಶ) ಸಿಕ್ಕರೂ ಹಿಟ್ ಅಂತಲೇ ಬರೆದುಕೊಂಡರು. ಆನ್ಸನ್‌ಗೆ ಸಿಕ್ಕ ವಾಕ್ 60. ಅವನ್ನು ಸೇರಿಸಿದರೆ 532 ಬ್ಯಾಟಿಂಗ್ ಸರದಿಗೆ 224 ಹಿಟ್, ಸರಾಸರಿ .421, ತೆಗೆದರೆ 472ಕ್ಕೆ 164, ಅಂದರೆ .347. ಭಾಗಿಸುವ ಸಂಖ್ಯೆಯಿಂದಲೂ 60 ಕಳೆಯಬೇಕು, ಮರೆಯಬೇಡಿ. ಯಾವ ಲೆಕ್ಕ ಅನ್ನುವುದು ಪ್ರಶ್ನೆಯಲ್ಲೇ ಇರಲಿ.

ಅವರು ಕಾಯಂ ಫಸ್ಟ್ ಬೇಸ್‌ಮನ್ (ಮೊದಲ ಬೇಸ್ ಕಾಯುವ ಆಟಗಾರ) ಆದದ್ದು 1879ರಲ್ಲಿ, ಶಿಕಾಗೊ ತಂಡದ ಮ್ಯಾನೇಜರ್ ಆದ ವರ್ಷವೇ. ಅದಕ್ಕೂ ಮುಂಚೆ ಥರ್ಡ್ ಬೇಸ್, ಕ್ಯಾಚರ್, ಔಟ್‌ಫೀಲ್ಡ್ ಸ್ಥಾನಗಳಲ್ಲೆಲ್ಲ ಆಡಿದ್ದಾಗಿತ್ತು. ಅವರ ತಂಡ ಲೀಗ್ ಗೆದ್ದದ್ದು 1880, 81, 82, 85, 86. ಕೊನೆಯ ಆಟ 1897, ವಯಸ್ಸು 45.

ಹೊಗಳಿಕೆಯ ಜೊತೆ ಇದನ್ನೂ ಬರೆಯಲೇಬೇಕು: 1883ರಲ್ಲಿ ಟೊಲಿಡೊದಲ್ಲಿ ಎದುರು ತಂಡದ ಕಪ್ಪು ಆಟಗಾರ ಫ್ಲೀಟ್‌ವುಡ್ ವಾಕರ್ ಇದ್ದರೆ ಆಡುವುದಿಲ್ಲ ಎಂದು ಹಟ ಹಿಡಿದವರು ಇದೇ ಆನ್ಸನ್. ಗೇಟಿನ (ಟಿಕೆಟ್) ಹಣ ಕೈತಪ್ಪುತ್ತದೆ ಎಂದಾಗ ಆಡಿದರು.