ಹಗಲಿನ ಫೋಟೊ ಸಾಕಾಗಲ್ಲ, ರಾತ್ರಿಯ ನಕ್ಷೆಯನ್ನೂ ಹಾಕಿ

ಮಾನ್ಯ ಸಂಪಾದಕರೇ,

ಕ್ಯಾಂಪರ್ ವ್ಯಾನ್, ಅಂದರೆ ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಪ್ರವಾಸ ಮಾಡುವ ವ್ಯಾನ್‌ಗಳ ಒಳಗಿನ ಲೇಔಟ್ ಹೋಲಿಸಿ ಬರೆಯುವ ಲೇಖನಗಳನ್ನು ನಾನು ತಪ್ಪದೇ ಓದುತ್ತೇನೆ. ಹೆಚ್ಚಿನವುಗಳಲ್ಲಿ ಕಾಣುವ ಕೊರತೆ ಒಂದೇ. ಫೋಟೊಗಳೆಲ್ಲ ಹಗಲಿನವು. ದಿಂಬು ಜೋಡಿಸಿಟ್ಟ ಸೋಫಾ, ಮೇಜಿನ ಮೇಲೆ ಎರಡು ಕಪ್, ಪೂರ್ತಿ ತೆಗೆದ ಬಾಗಿಲು. ರಾತ್ರಿ ಅದೇ ಜಾಗದಲ್ಲಿ ಯಾರು ಎಲ್ಲಿ ಮಲಗುತ್ತಾರೆ, ಒಳಗಡೆ ಮಲಗಿದವರು ಟಾಯ್ಲೆಟ್‌ಗೆ ಹೋಗಬೇಕಾದರೆ ಯಾರನ್ನು ದಾಟಿ ಇಳಿಯಬೇಕು ಅನ್ನುವುದನ್ನು ಯಾರೂ ಬರೆಯುವುದಿಲ್ಲ. ವ್ಯಾನ್ ಕೊಳ್ಳುವವರಿಗೆ, ಬಾಡಿಗೆಗೆ ತಗೊಳ್ಳುವವರಿಗೆ ಮೊದಲು ಗೊತ್ತಾಗಬೇಕಾದದ್ದು ಅದೇ ಅಲ್ವಾ?

ಲೇಔಟ್ ಅಂದರೆ ಮುಖ್ಯವಾಗಿ ಹಾಸಿಗೆ. ಅದು ಎಲ್ಲಿ ಅನ್ನುವುದು ತೀರ್ಮಾನವಾದರೆ ಅಡುಗೆ ಕಟ್ಟೆ, ಟಾಯ್ಲೆಟ್, ಕೂರುವ ಜಾಗ ಎಲ್ಲವೂ ಉಳಿದ ಜಾಗದಲ್ಲಿ ಹೊಂದಿಕೊಳ್ಳಲೇಬೇಕು.

ಉದಾಹರಣೆಗೆ, ಕ್ಯಾಂಪರ್ ಆಗಿ ಮಾರ್ಪಡಿಸುವ ಫಿಯಟ್ ಡುಕಾಟೊ ವ್ಯಾನನ್ನೇ ತಗೊಳ್ಳಿ. ಅದರ 5.99 ಮೀಟರ್ ಉದ್ದದ ವ್ಯಾನ್‌ನಲ್ಲಿ ಹಿಂಬಾಗಿಲ ಹತ್ತಿರ ಅಡ್ಡಲಾಗಿ ಹಾಸಿಗೆ ಹಾಕುವುದು ಜಾಸ್ತಿ. ವ್ಯಾನಿನ ಉದ್ದ ಉಳಿಯುತ್ತದೆ, ಹಾಸಿಗೆ ಕೆಳಗೆ ಸಾಮಾನು ಇಡಲು ದೊಡ್ಡ ಜಾಗ ಸಿಗುತ್ತದೆ. ಆದರೆ ಬರೀ ತಗಡಿನ ವ್ಯಾನ್ ಇದ್ದಾಗಲೇ ಒಳಗಿನ ಅಗಲ ಸುಮಾರು 187 ಸೆಂಟಿಮೀಟರ್. ಚಳಿ, ಸೆಕೆ ತಡೆಯುವ ಇನ್ಸುಲೇಷನ್ ಹಾಕಿ ಮೇಲೆ ಪ್ಯಾನೆಲ್ ಹೊದಿಸಿದರೆ ಅದರಲ್ಲೂ ಒಂದಿಷ್ಟು ಹೋಗುತ್ತದೆ, ಹಾಗಾಗಿ ಆರಡಿ ಎತ್ತರದವರು ಕಾಲು ಮಡಚಿಕೊಂಡೇ ನಿದ್ದೆ ಮಾಡಬೇಕು. ಮರ್ಸಿಡಿಸ್ ಸ್ಪ್ರಿಂಟರ್ ಒಳಗೆ ಇನ್ನೂ ಕಿರಿದು, ಸುಮಾರು 178. ಅದಕ್ಕೇ ಕೆಲವರು ಪಕ್ಕದ ತಗಡು ಕತ್ತರಿಸಿ ಹೊರಗೆ ಉಬ್ಬಿದ ಪ್ಯಾನೆಲ್ ಕೂರಿಸುತ್ತಾರೆ. ಅಳತೆ ಸರಿಹೋದರೂ ಇನ್ನೊಂದು ತೊಂದರೆ ಉಳಿದೇ ಇರುತ್ತದೆ. ಹಿಂಬಾಗಿಲ ಕಡೆ ಮಲಗಿದವರು ಏಳಬೇಕಾದರೆ ಜೊತೆಗಾರರ ಮೇಲೆ ಹತ್ತಿಯೇ ಇಳಿಯಬೇಕು.

6.36 ಮೀಟರ್‌ನ ವ್ಯಾನ್ ಆದರೆ ಉದ್ದಕ್ಕೆ ಎರಡು ಒಂಟಿ ಹಾಸಿಗೆ ಹಾಕಿ ನಡುವೆ ದಾರಿ ಬಿಡಬಹುದು. ಯಾರೂ ಯಾರನ್ನೂ ಎಬ್ಬಿಸಬೇಕಿಲ್ಲ. ಕಾಲು ಚಾಚಿ ಮಲಗಬಹುದು. ಇಬ್ಬರು ವಾರಗಟ್ಟಲೆ ಓಡಾಡುವುದಾದರೆ ನನ್ನ ಓಟು ಇದಕ್ಕೇ. ನಿಲ್ಲಿಸಲು ಜಾಗ ಹುಡುಕುವಾಗ ಆ ಉದ್ದ ಕಾಡುತ್ತದೆ, ನಿಜ. ಆದರೆ ನಿದ್ದೆಗೆಟ್ಟು ಮರುದಿನ ಗಾಡಿ ಓಡಿಸುವುದಕ್ಕಿಂತ ಅದು ವಾಸಿ.

ಫೋಟೊದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಹಿಂದುಗಡೆ ಯು ಆಕಾರದ ಸೋಫಾ ಇರುವ ಲೇಔಟ್. ಸುತ್ತ ಕಿಟಕಿ, ನಡುವೆ ಮೇಜು. ಹಗಲು ಕೂತು ಓದಲು, ಊಟ ಮಾಡಲು ಇದರಷ್ಟು ಹಿತವಾದ ಜಾಗ ಇನ್ನೊಂದಿಲ್ಲ. ರಾತ್ರಿ ಏನಾಗುತ್ತದೆ ನೋಡಿ. ಮೇಜಿನ ಕಾಲು ಕಳಚಬೇಕು, ಹಲಗೆಯನ್ನು ಸೋಫಾಗಳ ನಡುವೆ ಕೂರಿಸಬೇಕು, ಒರಗುದಿಂಬುಗಳನ್ನು ತಂದು ಅದರ ಮೇಲೆ ಜೋಡಿಸಬೇಕು, ಹೊದಿಕೆ ಹುಡುಕಬೇಕು, ಅದುವರೆಗೆ ಸೋಫಾ ಮೇಲಿದ್ದ ಬ್ಯಾಗುಗಳನ್ನು ಡ್ರೈವರ್ ಸೀಟಿಗೆ ಸಾಗಿಸಬೇಕು. ಎರಡು ದಿಂಬು ಕೂಡುವ ಜಾಗ ಸರಿಯಾಗಿ ಬೆನ್ನಿನ ಕೆಳಗೇ ಬರುತ್ತದೆ. ಬೆಳಗ್ಗೆ ಒಬ್ಬರು ಬೇಗ ಎದ್ದರೆ ಕಾಫಿ ಕುಡಿಯುತ್ತಾ ಕೂರಲು ಹಿಂದೆ ಜಾಗವೇ ಇಲ್ಲ, ಇನ್ನೊಬ್ಬರೂ ಏಳಲೇಬೇಕು. ಮುಂದಿನ ಸೀಟುಗಳು ಹಿಂದಕ್ಕೆ ತಿರುಗುವಂತಿದ್ದರೆ ಅಷ್ಟರಮಟ್ಟಿಗೆ ಬಚಾವ್. ಶನಿವಾರ ಹೋಗಿ ಭಾನುವಾರ ಬರುವವರಿಗೆ ಇದು ಓಕೆ. ದಿನಾ ಇದೇ ಕೆಲಸ ಅಂದರೆ ಕಷ್ಟ.

ಫೋಕ್ಸ್‌ವ್ಯಾಗನ್‌ನಂಥ ಸಣ್ಣ ವ್ಯಾನ್‌ಗಳ ಎತ್ತುವ ಚಾವಣಿಯ ಬಗ್ಗೆ ಜಾಸ್ತಿ ಹೇಳಲ್ಲ. ಮೇಲೆ ಇನ್ನಿಬ್ಬರು ಮಲಗಬಹುದು, ಆದರೆ ಪಕ್ಕಕ್ಕೆ ಇರುವುದು ಬರೀ ಬಟ್ಟೆ. ಚಳಿ, ಗಾಳಿ ಒಳಗೆ ಬರುತ್ತದೆ. ಒದ್ದೆಯಾದ ಬಟ್ಟೆಯನ್ನು ಹಾಗೇ ಮಡಚಿಟ್ಟರೆ ಬೂಸ್ಟು ಹಿಡಿಯುತ್ತದೆ.

ಸುರಕ್ಷತೆಯ ಮಾತು ಇಂಥ ಲೇಖನಗಳಲ್ಲಿ ಬರುವುದೇ ಅಪರೂಪ. 'ನಾಲ್ವರ ವ್ಯಾನ್' ಅಂತ ಬರೆದಿರುತ್ತಾರೆ. ನಾಲ್ವರು ಮಲಗಬಹುದು ಅಂತಲೋ, ನಾಲ್ವರು ಬೆಲ್ಟ್ ಹಾಕಿ ಪ್ರಯಾಣ ಮಾಡಬಹುದು ಅಂತಲೋ? ಸೋಫಾ ಲೇಔಟ್‌ನಲ್ಲಿ ಎಷ್ಟೋ ಸಲ ಬೆಲ್ಟ್ ಇರುವುದು ಮುಂದಿನ ಎರಡು ಸೀಟಿಗೆ ಮಾತ್ರ. ಮಕ್ಕಳನ್ನು ಅಡ್ಡ ಸೋಫಾ ಮೇಲೆ ಸುಮ್ನೆ ಕೂರಿಸಿ ಹೊರಟುಬಿಡುವವರನ್ನು ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಗ್ಯಾಸ್ ವಿಷಯವೂ ಅಷ್ಟೇ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲಿ ನಿಲ್ಲುತ್ತದೆ. ಅದು ಹೊರಹೋಗಲೆಂದೇ ಕೆಳಗೆ ತೂತು ಬಿಟ್ಟಿರುತ್ತಾರೆ. ಆ ತೂತಿನ ಮೇಲೆ ಡ್ರಾಯರ್ ಕೂರಿಸಿದ ಲೇಔಟ್ ಎಷ್ಟೇ ಚೆಂದ ಇದ್ದರೂ ಬೇಡ.

ಇನ್ನು ತೂಕ. 100 ಲೀಟರ್ ನೀರು ಅಂದರೆ 100 ಕೆಜಿ. ಟ್ಯಾಂಕನ್ನು ಹಿಂದಿನ ಚಕ್ರಗಳಿಗಿಂತ ಹಿಂದೆ ಇಟ್ಟು, ಹಾಸಿಗೆ ಕೆಳಗೂ ಸಾಮಾನು ತುಂಬಿದರೆ ಮುಂದಿನ ಚಕ್ರಗಳ ಮೇಲಿನ ಭಾರ ಕಡಿಮೆಯಾಗಿ ಸ್ಟೀರಿಂಗ್ ಹಗುರಾಗುತ್ತದೆ. ಒದ್ದೆ ರಸ್ತೆಯಲ್ಲಿ ಇದು ಅಪಾಯ.

ಹಾಗಾಗಿ ಒಂದು ಕೋರಿಕೆ. ಮುಂದಿನ ಸಲ ವ್ಯಾನ್‌ಗಳನ್ನು ಹೋಲಿಸುವಾಗ ಪ್ರತಿಯೊಂದಕ್ಕೂ ಎರಡು ನಕ್ಷೆ ಹಾಕಿ, ಹಗಲಿನದೊಂದು, ರಾತ್ರಿಯದೊಂದು. ಕಂಪನಿಯ ಪುಸ್ತಿಕೆ ನಂಬದೆ ಹಾಸಿಗೆಯ ಉದ್ದ, ಅಗಲವನ್ನು ನಿಮ್ಮ ವರದಿಗಾರರೇ ಟೇಪ್ ಹಿಡಿದು ಅಳೆಯಲಿ. ಬೆಲ್ಟ್ ಇರುವ ಸೀಟು ಎಷ್ಟು, ನೀರು ತುಂಬಿ ಜನ ಹತ್ತಿದ ಮೇಲೆ ಇನ್ನೆಷ್ಟು ಕೆಜಿ ಸಾಮಾನು ಹೇರಬಹುದು ಅನ್ನುವುದೂ ಪಕ್ಕದಲ್ಲೇ ಇರಲಿ. ಇದಕ್ಕೆಲ್ಲ ಜಾಗ ಸಾಲದಿದ್ದರೆ ಸೋಫಾ, ಕಪ್‌ಗಳ ಫೋಟೊ ಒಂದೆರಡು ಕಡಿಮೆ ಮಾಡಿ.

ಇಂತಿ,
ನಿಮ್ಮ ಓದುಗ