ಕೊವಾಲಾ ಪಾಠಕ್ಕೆ ಒಂದು ದಿನ ಸಾಲದು

ಮಾನ್ಯರೆ,

ಬ್ರಿಸ್ಬೇನ್ ಸುತ್ತಮುತ್ತಲಿನ ಪ್ರಾಥಮಿಕ ಶಾಲೆಗಳು ನೀಲಗಿರಿ ಎಲೆ ತಿಂದು ಮರದಲ್ಲೇ ಬದುಕುವ ಕೊವಾಲಾ ಪ್ರಾಣಿಯ ಸಂರಕ್ಷಣೆಯ ಪಾಠಕ್ಕೆಂದು ಮಕ್ಕಳನ್ನು ನೀಲಗಿರಿ ಮರಗಳ ಕಾಡಿಗೆ ಕರೆದೊಯ್ಯುವುದು ಒಂದು ದಿನದ ಪ್ರವಾಸವಾಗಿ ಮುಗಿಯಬಾರದು. ಕಳೆದ ತಿಂಗಳು ಮಗಳ ತರಗತಿಯೊಂದಿಗೆ ನಾನೂ ಹೋಗಿದ್ದೆ. ಎರಡು ಗಂಟೆ ಕತ್ತೆತ್ತಿ ಹುಡುಕಿದರೂ ಒಂದು ಕೊವಾಲಾವೂ ಕಣ್ಣಿಗೆ ಬೀಳಲಿಲ್ಲ. ಕಂಡದ್ದು ನುಣುಪಾದ ಕಾಂಡದ ಮೇಲಿನ ಉಗುರಿನ ಗೀರುಗಳು, ಬುಡದಲ್ಲಿ ಉದುರಿದ್ದ ಪುಟ್ಟ ಹಿಕ್ಕೆಗಳು. ಮಾರ್ಗದರ್ಶಕಿ ಒಂದನ್ನು ಮುರಿದು ಮೂಸಲು ಕೊಟ್ಟಾಗ ನೀಲಗಿರಿ ಎಣ್ಣೆಯ ಘಮ! ಮಕ್ಕಳ ಕಣ್ಣರಳಿದ್ದು ಆಗಲೇ.

2022ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯಾ ಸರ್ಕಾರ ನಮ್ಮ ರಾಜ್ಯವಾದ ಕ್ವೀನ್ಸ್‌ಲ್ಯಾಂಡ್‌ನ ಕೊವಾಲಾಗಳನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು. ಬಡಾವಣೆಗಳಿಗಾಗಿ ಮರಗಳು ಉರುಳಿದಂತೆಲ್ಲ ಅವು ನೆಲಕ್ಕಿಳಿದು ರಸ್ತೆ ದಾಟಬೇಕಾಗುತ್ತದೆ. ಕಾರುಗಳಿಗೆ, ಸಾಕುನಾಯಿಗಳಿಗೆ ಬಲಿಯಾಗುವುದು ಅಲ್ಲಿಯೇ. ಆ ಬಡಾವಣೆಗಳಲ್ಲಿ ಮನೆ ಮಾಡಿಕೊಂಡ ನಮ್ಮಂತಹ ಕನ್ನಡಿಗರಿಗೂ ಇದರಲ್ಲಿ ಹೊಣೆಯಿದೆ.

ಪ್ರತಿ ತರಗತಿಯೂ ಶಾಲೆಯ ಹತ್ತಿರದ ಹತ್ತು ಮರಗಳನ್ನು ಆಯ್ದುಕೊಂಡು, ವರ್ಷದ ನಾಲ್ಕೂ ಶಾಲಾ ಅವಧಿಗಳಲ್ಲಿ ಗೀರು, ಹಿಕ್ಕೆಗಳನ್ನು ದಾಖಲಿಸಿ ಸ್ಥಳೀಯ ಕೌನ್ಸಿಲ್‌ಗೆ ಒಪ್ಪಿಸಲಿ. ಕೊವಾಲಾಗಳ ಓಡಾಟ ಹೆಚ್ಚಿರುವ ಆಗಸ್ಟ್‌ನಿಂದ ಡಿಸೆಂಬರ್‌ವರೆಗಾದರೂ ಪೋಷಕರು ರಾತ್ರಿ ನಾಯಿಗಳನ್ನು ಮನೆಯೊಳಗೆ ಇರಿಸಿಕೊಳ್ಳಲಿ.

– ಓರ್ವ ಪೋಷಕಿ, ಬ್ರಿಸ್ಬೇನ್